ತಣ್ಣಗಾದ ಮೇಲೆ ಏಳುವುದು

ಭಾನುವಾರ, ಸಂಜೆ

ನನ್ನ ಸೊಳ್ಳೆರಾಣಿಗೆ,

ಅಪ್ಪನ ಆಶೀರ್ವಾದ. ಉತ್ತರ ತಡವಾಯಿತು, ಬೈಯಬೇಡ. ಅಂಗಡಿಗಳ ಬೋರ್ಡು ಬರೆದೂ ಬರೆದೂ ಕೈಗೆ ದೊಡ್ಡಕ್ಷರವೇ ರೂಢಿ. ಕಾಗದ ತುಂಬುತ್ತದೆ, ವಿಷಯ ಬರುವುದಿಲ್ಲ. ನಾನು ಕ್ಷೇಮ. ಮೊಣಕಾಲು ಮಾತ್ರ ಎದುರು ಮಾತಾಡುತ್ತದೆ.

ನೀನು ನಿನ್ನ ಲ್ಯಾಬಿನಿಂದ ಕಳಿಸಿದ ವಿಡಿಯೋ ಎರಡೂ ನೋಡಿದೆ. ಮೊದಲನೆಯದರಲ್ಲಿ, ಬಿಸಿ ರಕ್ತದಲ್ಲಿ ಸುಮ್ಮನಿದ್ದ ಮಲೇರಿಯಾದ ಗಂಡುಕಣ ತಂಪು ತಾಗಿದ್ದೇ ಎದ್ದು, ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಒಂದು ಎಂಟಾಗಿ, ಬಾಲ ಬಡಿಯುತ್ತ ಹೆಣ್ಣು ಹುಡುಕಿ ಹೊರಟಿತು. ಸೊಳ್ಳೆಯ ಹೊಟ್ಟೆಯಲ್ಲೂ ಹೀಗೇ ಅಂತ ಬರೆದಿದ್ದೀಯ. ಜ್ವರ ಬಿಟ್ಟರೂ ವರ ಬಿಡಲಿಲ್ಲ ಅನ್ನು! ಅಂದಿನಿಂದ ಮನೆಯಲ್ಲಿ ಏನು ಆರಿದರೂ ಕಿವಿ ಅತ್ತ ಹೋಗುತ್ತದೆ: ಟೀ ಲೋಟ, ಇಸ್ತ್ರಿಪೆಟ್ಟಿಗೆ. ಬಿಸಿ ಇರುವವರೆಗೆ ಸುಮ್ಮನಿದ್ದದ್ದು ತಣ್ಣಗಾದ ಮೇಲೆ ಏಳುತ್ತದೆ.

ಎರಡನೆಯದರಲ್ಲಿ ಏನೂ ಅಲ್ಲಾಡಲಿಲ್ಲ. ಫೋನ್ ಕೆಟ್ಟಿತೆಂದು ರಿಪೇರಿಗೆ ಒಯ್ದೆ. ಅಂಗಡಿಯವನು ತಿರುಗಿಸಿ ನೋಡಿ, “ತಾತಾ, ಫೋನ್ ಚೆನ್ನಾಗೇ ಇದೆ. ವಿಡಿಯೋನೂ ಓಡ್ತಿದೆ. ಒಳಗಿರೋ ಹುಳಾನೇ ಸೋಮಾರಿ” ಅಂದ. ಆಮೇಲೆ ನಿನ್ನ ಒಕ್ಕಣೆ ಓದಿದೆ. ಒಂದು ಪ್ರೋಟೀನು ತೆಗೆದುಬಿಟ್ಟರೆ ಗಂಡುಕಣ ಎಂಟು ಮಂದಿಗಾಗುವಷ್ಟು ಡಿಎನ್ಎ ಗಂಟು ಕಟ್ಟಿಕೊಳ್ಳುತ್ತದೆ, ಆದರೆ ಒಡೆದು ಎಂಟಾಗಲಾರದು. ಮದುವೆಯಿಲ್ಲ, ಸಂತಾನವಿಲ್ಲ, ಪಕ್ಕದ ಮನೆಗೆ ಜ್ವರವಿಲ್ಲ. ಅಲ್ಲಾಡದಿರುವುದೇ ನಿನ್ನ ಗೆಲುವು!

ಗೆದ್ದವಳು ಫೋನಿನಲ್ಲಿ ಯಾಕೆ ಅತ್ತೆ? “ಅಪ್ಪಾ, ಅಮ್ಮಂಗೆ ಮಲೇರಿಯಾ ನನ್ನಿಂದಾನೇ ಬಂದಿದ್ದು. ಅವಳು ತೀರಿಹೋದ ರೂಮಿಗೆ ನಾನು ಕಾಲಿಡಲ್ಲ” ಅಂದೆ. ಮೊದಲು ಜ್ವರ ಬಂದದ್ದು ನಿನಗೆ, ನಿಜ. ನೀನು ಎದ್ದು ಆಡತೊಡಗಿದ ಮೇಲೆ ಅವಳು ಮಲಗಿದಳು, ಅದೂ ನಿಜ. ಆದರೆ ಸೊಳ್ಳೆ ರಸೀದಿ ಕೊಟ್ಟು ಹೋಗಿತ್ತೇನೇ? ಬೀದಿಗೆ ಬೀದಿಯೇ ಮಲಗಿತ್ತು. ನಿನ್ನಿಂದಲೇ ಬರುತ್ತದೆಂದು ಮೊದಲೇ ಗೊತ್ತಿದ್ದಿದ್ದರೂ ಅವಳು ನಿನ್ನನ್ನು ಅಪ್ಪಿಕೊಂಡೇ ಮಲಗುತ್ತಿದ್ದಳು.

ರಜೆ ಸಿಕ್ಕಿದೆಯಲ್ಲ, ಬಾ. ಆ ಕೋಣೆಯಲ್ಲೇ ಮಲಗು. ಹೆದರುವಂಥದ್ದು ಅಲ್ಲೇನೂ ಇಲ್ಲ.

ನಿನ್ನ ಕಣ್ಣೆದುರು ಇನ್ನಷ್ಟು ವರರು ಬ್ರಹ್ಮಚಾರಿಗಳಾಗಿಯೇ ಉಳಿಯಲಿ. ನೀನು ಮಾತ್ರ ನೂರು ವರ್ಷ ನಗುತ್ತಾ ಬಾಳು.

ಇತಿ ನಿನ್ನ
ಬಣ್ಣದ ಡಬ್ಬಿ ಅಪ್ಪ

ತಾ.ಕ.: ಅಲ್ಲೇನೂ ಇಲ್ಲ ಅಂದೆ. ಅವಳು ಹೋದಂದಿನಿಂದ ನಾನೂ ಆ ಕೋಣೆಗೆ ಹೋಗಿಲ್ಲ, ಮಗಳೇ. ದಿನಾ ಸಂಜೆ ಮುಚ್ಚಿದ ಬಾಗಿಲ ಮುಂದೆ ನಿಂತು ಒಂದು ತಮಾಷೆ ಹೇಳುತ್ತೇನೆ. ಒಳಗಿನಿಂದ ನಿನ್ನಮ್ಮ ನಗುತ್ತಾಳೆ. ನೀನು ಬಂದು ಬಾಗಿಲು ತೆಗೆದರೆ ಆ ನಗು ನಿಂತುಹೋಗುತ್ತದೆ, ಗೊತ್ತು. ಆದರೂ ಬಾ.