ನನ್ನ ತಮ್ಮನ ತಲೆ ಸರಿಯಿದೆ ಎಂದವರಿಗೆ

ಅಂಗವೈಕಲ್ಯ ಪರಿಶೀಲನಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮ ಮುರಳಿಯ ತಲೆ ಸರಿಯಿದೆ ಎಂದು ನೀವು ಹೇಳಿದ ದಿನದಿಂದ ಅವನು ಮಾತ್ರೆ ಮುಟ್ಟಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಅರ್ಜಿಗಳನ್ನು ಎರಡನೆಯ ಪ್ಯಾರಾದವರೆಗೆ ಓದುವ ಅಭ್ಯಾಸವಿದೆ ಎಂದು ನನಗೆ ನಂಬಿಕೆಯಿಲ್ಲ. ಹಿಂದೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ಮುರಳಿ ಇದೇ ಊರಿನಲ್ಲಿ ರೇಷ್ಮೆ ದಾರಕ್ಕೆ ಹುರಿ ಹಾಕುವ ಮಿಷನ್ ಮನೆಯಲ್ಲಿ ಕೆಲಸಕ್ಕಿದ್ದ. ಅವನಿಗೆ ಸ್ಕಿಜೋಫ್ರೀನಿಯ ಎಂಬ ಕಾಯಿಲೆ. ಹತ್ತಿರ ಯಾರೂ ಇಲ್ಲದಾಗಲೂ ಇಬ್ಬರು ಗಂಡಸರು, ಒಬ್ಬ ಹೆಂಗಸು ಮಾತಾಡುವುದು ಅವನಿಗೆ ಕೇಳಿಸುತ್ತದೆ. ಸಿನಿಮಾದ ದೆವ್ವಗಳ ಮಾತಲ್ಲ, ನಮ್ಮ ಬೀದಿಯದೇ ಮಾತು. "ನೋಡ್ಲಾ, ಎದ್ದ. ಈಗ ಉಣ್ಣಕ್ ಕೂತ್ಕಂಡ" ಎಂದು ಅವನು ಮಾಡುವುದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರಂತೆ. ಅವರಲ್ಲೊಬ್ಬ, ಸಿಟ್ಟು ಬಂದರೆ, ದಾರದ ವ್ಯಾಪಾರಕ್ಕೆ ಬರುವವರ ಹಾಗೆ ತೆಲುಗಿನಲ್ಲಿ ಬೈಯುತ್ತಾನಂತೆ.

ಮಾತ್ರೆಯಿಂದ ಆ ದನಿಗಳು ಪೂರ್ತಿ ಹೋಗಲಿಲ್ಲ, ಆದರೆ ತಗ್ಗಿದವು. ಉಳಿದದ್ದಕ್ಕೆ ಮುರಳಿ ತಾನೇ ಒಂದು ದಾರಿ ಕಂಡುಕೊಂಡಿದ್ದ. ಹುರಿ ಮಿಷನ್ನುಗಳು ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಅವನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಬೇರೆಯವರು ಆ ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಂಡರೆ ಇವನು ಅಲ್ಲಿಗೆ ಹೋಗಿ ನೆಮ್ಮದಿಯಾಗಿ ಉಸಿರಾಡುತ್ತಿದ್ದ. ಮಾಲೀಕರಾದ ಚಿನ್ನಸ್ವಾಮಿಯವರಿಗೂ ಇದು ಗೊತ್ತಿತ್ತು. ಮನೆಯಲ್ಲಿ ಕಾಟ ಜಾಸ್ತಿಯಾದ ದಿನ ಪಾಳಿ ಇಲ್ಲದಿದ್ದರೂ ಕಳಿಸಿ, ಮಿಷನ್ ಪಕ್ಕ ಕೂತಿರಲಿ ಎಂದು ಹೇಳಿಟ್ಟಿದ್ದರು.

ಇನ್ನು ನಿಮ್ಮ ಶಿಬಿರದ ವಿಷಯ. ಮಾಸಾಶನಕ್ಕೆ ಬೇಕಾದ ಅಂಗವೈಕಲ್ಯ ಪ್ರಮಾಣಪತ್ರದ ನವೀಕರಣಕ್ಕೆ ಮುರಳಿಯನ್ನು ಬರಹೇಳಿದ್ದಿರಿ. ನಮ್ಮ ತಾಯಿ ಅಕ್ಕಯಮ್ಮ, ದೊಡ್ಡವರ ಮುಂದೆ ಹುಡುಗ ಅಂದವಾಗಿ ಕಾಣಲಿ ಎಂದು ಅವನಿಗೆ ನೀರು ಎರೆದು, ಬಿಸಿಯಾದ ತಲೆ ತಂಪಾಗಲೆಂದು ಕೈತುಂಬ ಹರಳೆಣ್ಣೆ ತಟ್ಟಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದರು. ಸಾಲದ್ದಕ್ಕೆ ಬೆಳಗ್ಗೆಯೇ ಅವನನ್ನು ಮಿಷನ್ ಮನೆಗೆ ಕಳಿಸಿ, ದನಿಗಳನ್ನು ಅಡಗಿಸಿಕೊಂಡು ಬರುವಂತೆ ಮಾಡಿದರು. ಕಾಯಿಲೆ ಇದೆಯೆಂದು ತೋರಿಸಬೇಕಾದ ಕಡೆಗೆ ಕಾಯಿಲೆಯನ್ನು ಒರೆಸಿ ತೊಳೆದು ಕರೆತಂದೆವು. ಸರ್ಕಾರದ ಮುಂದೆ ಹರಕು ಅಂಗಿಯಲ್ಲಿ ನಿಲ್ಲುವುದು ನಮ್ಮಂಥ ಮನೆಗಳಲ್ಲಿ ಅವಮಾನ ಸ್ವಾಮಿ. ಅದೇ ಅರ್ಹತೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಸಿಬ್ಬಂದಿ ಎಣ್ಣೆ ಕಂಡು ಗೊಣಗಿಕೊಂಡೇ ಒರೆಸಿ, ತಲೆಗೆ ವೈರುಗಳನ್ನು ಅಂಟಿಸಿದರು. ಎರಡು ಕಿತ್ತುಬಂದವು, ಮತ್ತೆ ಒತ್ತಿದರು. ಮೆದುಳಿನ ಅಲೆಗಳನ್ನು ಗೆರೆಗಳಾಗಿ ತೋರಿಸುವ ಇಇಜಿ ತೆಗೆಯುತ್ತಿದ್ದದ್ದು ಶಿಬಿರಕ್ಕೆ ತಂದಿದ್ದ ಒಂದು ವ್ಯಾನಿನಲ್ಲಿ. ಅದರ ಬೆನ್ನಿಗೇ ಜನರೇಟರ್ ಓಡುತ್ತಿತ್ತು, ಹುರಿ ಮಿಷನ್ನಿನದೇ ಗುಂಯ್. ಮುರಳಿಯ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಸ್ವಲ್ಪ ಹೊತ್ತಿಗೆ ನೀವು ಬಂದು, ಈಗ ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕೇಳಿದಿರಿ. ಸುಳ್ಳು ಹೇಳಿ ಗೊತ್ತಿಲ್ಲದ ಅವನು ಇಲ್ಲ ಸಾರ್ ಎಂದ. ನಾನು ಜನರೇಟರ್ ವಿಷಯ ಹೇಳಲು ಬಾಯಿ ತೆರೆದರೆ, ಪೇಷೆಂಟನ್ನು ಮಾತಾಡಲು ಬಿಡಿ ಎಂದು ತಡೆದಿರಿ. ಆಮೇಲೆ ಅವನಿಗೆ ಹೇಳಿದಿರಿ, "ಮಿಷನ್ನೂ ಅದನ್ನೇ ಹೇಳ್ತಿದೆ. ನಿನ್ನ ತಲೇಲಿ ಏನೂ ಇಲ್ಲಪ್ಪ, ಎಲ್ಲಾ ಸರಿಯಾಗಿದೆ. ಹೋಗಿ ಕೆಲಸ ನೋಡ್ಕೋ."

ಮಾನ್ಯರೇ, ಅಲೆಗಳ ಆ ಗೆರೆಗಳನ್ನು ನೀವು ನಿಜವಾಗಿ ನೋಡಿದಿರಾ? ನೀವು ಕಣ್ಣು ಹಾಯಿಸುವ ಮೊದಲೇ ಸಹಾಯಕರು ಮುಂದಿನವರ ಹೆಸರು ಕೂಗಿದ್ದರು. ಅಂದು ಬಂದವರಲ್ಲಿ ಊಟದ ಹೊತ್ತಿಗೆ ಮುಕ್ಕಾಲು ಪಾಲು ಜನ ಗುಣವಾಗಿದ್ದರು. ಇಷ್ಟು ಗುಣಪಡಿಸುವ ಕೈಗುಣ ಯಾವ ದೇವಸ್ಥಾನಕ್ಕೂ ಇಲ್ಲ. ಪಟ್ಟಿಯಿಂದ ಇಷ್ಟು ಜನರನ್ನು ತೆಗೆದುಹಾಕಿ ಎಂದು ಮೇಲಿನಿಂದ ಹೇಳಿದ್ದರೇ? ಅಥವಾ ಸೂಲಿಬೆಲೆಯಿಂದ, ದಾಬಸ್‌ಪೇಟೆಯಿಂದ ಬಸ್ಸಿನಲ್ಲಿ ಬಂದವರೆಲ್ಲ ನಾಟಕದವರು ಎಂದು ಮೊದಲೇ ತೀರ್ಮಾನಿಸಿ ಕೂತಿದ್ದಿರೇ? ಇಷ್ಟೆಲ್ಲ ಅನುಮಾನಪಡುತ್ತೇನೆಂದು ನನಗೂ ಮಾತ್ರೆ ಬರೆದುಕೊಡಬೇಡಿ. ನನ್ನ ತಮ್ಮ ಅನುಮಾನಪಟ್ಟರೆ ಅದು ಕಾಯಿಲೆ, ನಿಮ್ಮ ಕಚೇರಿ ಅನುಮಾನಪಟ್ಟರೆ ಅದು ಪರಿಶೀಲನೆ. ಎರಡರ ನಡುವೆ ಸಿಕ್ಕಿದ ನನ್ನದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಮುರಳಿಯನ್ನು ಮೊದಲಿನಿಂದ ನೋಡಿದ ಮನೋವೈದ್ಯರನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಿ ಕೇಳಿದೆ. ಅವರು ತಾಳ್ಮೆಯಿಂದ ಹೇಳಿದರು. ಇಇಜಿಯನ್ನು ಬಳಸುವುದು ಮುಖ್ಯವಾಗಿ ಮೂರ್ಛೆರೋಗದಂಥ ತೊಂದರೆ ಇದೆಯೇ ಎಂದು ನೋಡಲು. ದನಿ ಕೇಳುವವರ ಮೆದುಳಿನ ಅಲೆಗಳ ಮೇಲೆ ಸಂಶೋಧನೆ ನಡೆದಿರುವುದು ನಿಜ. ನಾವು ಮಾತಾಡುವಾಗ, ಇದು ನನ್ನದೇ ಮಾತು ಎಂದು ಮೆದುಳು ಕಿವಿಯ ಕಡೆಯ ಭಾಗಕ್ಕೆ ಮುಂಚೆಯೇ ಸುಳಿವು ಕೊಟ್ಟಿರುತ್ತದಂತೆ. ಈ ಕಾಯಿಲೆಯವರಲ್ಲಿ ಆ ಸುಳಿವು ದುರ್ಬಲವಾಗಿದ್ದು, ತಮ್ಮದೇ ಒಳಮಾತು ಬೇರೆಯವರದೆಂದು ಕೇಳಿಸುತ್ತಿರಬಹುದು ಎಂದು ಕೆಲವರ ಊಹೆ. ಆದರೆ ಅದೆಲ್ಲ ಬಹಳ ಜನರನ್ನು ಒಟ್ಟಿಗೆ ಹೋಲಿಸಿದಾಗ ಕಾಣುವ ವ್ಯತ್ಯಾಸ. ಒಬ್ಬನ ತಲೆಗೆ ವೈರು ಹಚ್ಚಿ, ಇವನಿಗೆ ದನಿ ಕೇಳುತ್ತದೆ, ಇವನಿಗೆ ಇಲ್ಲ ಎಂದು ಹೇಳುವ ಮಿಷನ್ ಇನ್ನೂ ಬಂದಿಲ್ಲ. ಕಾಯಿಲೆಯನ್ನು ಗುರುತಿಸುವುದು ಕೂತು ಮಾತಾಡಿಸಿ, ಮನೆಯವರನ್ನು ಕೇಳಿ. ನೀವು ಮಾಡಿದ್ದು ಹಾಲಿನ ಫ್ಯಾಟ್ ನೋಡಿ ಹಸುವಿಗೆ ಕಾಲುನೋವಿಲ್ಲ ಎಂದ ಹಾಗಾಯಿತು. ನಿಮಗೆ ಇದು ತಿಳಿಯದೆ ಇರಲಾರದು, ನನಗೆ ಸಂಕಟವಾಗುವುದೇ ಅದಕ್ಕೆ.

ನವೀಕರಣ ಸಿಗದಿದ್ದರೆ ಬೇಡ ಎಂದು ಸುಮ್ಮನಿರುತ್ತಿದ್ದೆವು. ಆದರೆ ನಿಮ್ಮ ಮಾತನ್ನು ನಮ್ಮೆಲ್ಲರಿಗಿಂತ ಗಂಭೀರವಾಗಿ ತೆಗೆದುಕೊಂಡವನು ಮುರಳಿ. ಮನೆಗೆ ಬಂದವನು ಮಾತ್ರೆ ಕೊಡಲು ಹೋದ ನನ್ನ ಕೈ ಹಿಡಿದು ಹೇಳಿದ, "ಅಕ್ಕಾ, ಅಷ್ಟು ದೊಡ್ಡ ಡಾಕ್ಟ್ರು ಹೇಳವ್ರೆ ನನ್ ತಲೆ ಸರಿಗೈತೆ ಅಂತ. ಹಂಗಾದ್ರೆ ಮಾತಾಡ್ತಿರೋರು ತಲೆ ಒಳಗಿಲ್ಲ. ಆಚೆಗೇ ಅವ್ರೆ."

ಇದರಲ್ಲಿ ತಪ್ಪೆಲ್ಲಿದೆ, ನೀವೇ ಹೇಳಿ. ಇದು ಕಾಯಿಲೆಯಿಂದ ಬಂದದ್ದು, ನೀನು ಹುಚ್ಚನಲ್ಲ, ಆದರೆ ಅವರು ನಿಜವಲ್ಲ ಎಂದು ವರ್ಷಗಟ್ಟಲೆ ಹೇಳಿ ಹೇಳಿ ಅವನನ್ನು ಒಪ್ಪಿಸಿದ್ದೆವು. ನೀವು ಒಂದೇ ಮಾತಿನಲ್ಲಿ ಅವರನ್ನು ನಿಜ ಮಾಡಿಬಿಟ್ಟಿರಿ.

ಈಗ ಅವನು ಮಿಷನ್ ಮನೆಗೆ ಹೋಗುವುದಿಲ್ಲ. ಆ ಸದ್ದಿನಲ್ಲಿ, ಮಾತಾಡುವವರು ಯಾರೆಂದು ಪತ್ತೆಯಾಗುವುದಿಲ್ಲವಂತೆ. ಫ್ಯಾನು ಆರಿಸಿ, ಟಿವಿ ಆರಿಸಿ, ಗೋಡೆಗೆ ಕಿವಿ ಹಚ್ಚಿ ಕೂರುತ್ತಾನೆ. ಮೊದಲು ಪಕ್ಕದ ಮನೆಯ ಗೋವಿಂದರಾಜು ಅಣ್ಣನ ಮೇಲೆ ಗುಮಾನಿ ಬಂತು. ಅವರ ಬಾಗಿಲಿಗೆ ಹೋಗಿ, ಯಾಕಣ್ಣ ನನ್ನನ್ನು ಆಡಿಕೊಳ್ಳುತ್ತೀಯಾ ಎಂದು ಅಳುತ್ತ ಕೇಳಿದ. ಮುರಳಿ ಯಾವತ್ತೂ ಯಾರ ಮೇಲೂ ಕೈ ಎತ್ತಿದವನಲ್ಲ. ಹೆದರಿದ ಊರು ಅವನ ಮೇಲೆ ಕೈ ಎತ್ತುತ್ತದೆ ಎಂಬುದೇ ನನ್ನ ಭಯ. ಗೋವಿಂದರಾಜು ಅಣ್ಣ ಒಳ್ಳೆಯವರು, ಆದರೂ ಮೊನ್ನೆ, ಕಟ್ಟಿಹಾಕಿ ಇಟ್ಟುಕೊಳ್ಳಿ ಇಲ್ಲವೇ ಪೊಲೀಸಿಗೆ ಹೇಳುತ್ತೇನೆ ಎಂದರು. ಈಗ ಅಮ್ಮನ ಮೇಲೂ ಅನುಮಾನ ಬಂದಿದೆ. ಆ ಹೆಂಗಸಿನ ದನಿ ಅಮ್ಮನದೇ ಎಂದು ಅವರು ಕಲಸಿಟ್ಟ ಅನ್ನವನ್ನು ತಿನ್ನುತ್ತಿಲ್ಲ. ಅಮ್ಮ ಮಾತಾಡುವುದನ್ನೇ ಬಿಟ್ಟಿದ್ದಾರೆ. ತಾನು ಬಾಯಿ ಮುಚ್ಚಿಕೊಂಡಿರುವಾಗಲೂ ದನಿ ಕೇಳಿಸಿದರೆ ಮಗನಿಗೆ ತಾನಲ್ಲವೆಂದು ತಿಳಿದೀತು ಎಂಬ ಆಸೆ ಅವರಿಗೆ. ಒಲೆ ಮುಂದೆ ಸೆರಗು ಬಾಯಿಗೆ ಹಿಡಿದು ಕೂತಿರುತ್ತಾರೆ.

ಮರುಪರಿಶೀಲನೆ ಮಾಡಿ, ಅವನನ್ನು ಕೂರಿಸಿಕೊಂಡು ಮಾತಾಡಿಸುವ ಮನೋವೈದ್ಯರಿಂದ ಮಾಡಿಸಿ ಎಂದು ಕೇಳುವುದು ನನ್ನ ಹಕ್ಕು, ಅದನ್ನು ಬಿಡುವುದಿಲ್ಲ. ಆದರೆ ಅದು ನಿಧಾನದ ಕೆಲಸ. ಇವತ್ತು ನನಗೆ ಬೇಕಾದದ್ದು ಬೇರೆ. ನೀವೇ ನಮ್ಮ ಮನೆಗೆ ಬನ್ನಿ. ಮುರಳಿಯ ಎದುರು ಕೂತು, ಆವತ್ತು ನಾನು ಹೇಳಿದ್ದು ತಪ್ಪು, ಆ ಮಿಷನ್ನಿಗೆ ಇದೆಲ್ಲ ತಿಳಿಯುವುದಿಲ್ಲ, ನಿನಗೆ ಕೇಳಿಸುವುದು ನಿಜ, ಮಾತಾಡುವವರು ಮಾತ್ರ ಆಚೆ ಇಲ್ಲ, ಮಾತ್ರೆ ತಗೋ ಎಂದು ನಿಮ್ಮ ಬಾಯಿಂದ ಹೇಳಿ. ನಾನು ಹೇಳಿದರೆ ಅವನು ನಂಬುವುದಿಲ್ಲ. ಬೆಂಗಳೂರಿನ ಡಾಕ್ಟರ್ ಫೋನಿನಲ್ಲಿ ಹೇಳಿದರೂ ನಂಬಲಿಲ್ಲ, ಅಕ್ಕ ಹೇಳಿಕೊಟ್ಟಿದ್ದಾಳೆ ಎಂದ. ನೆರೆಯವರು, ಅಮ್ಮ, ನಾನು, ಒಬ್ಬೊಬ್ಬರೇ ಆ ದನಿಗಳ ಕಡೆಯವರಾಗಿಬಿಟ್ಟಿದ್ದೇವೆ. ಅವನು ಇನ್ನೂ ಅನುಮಾನಪಡದವರು ನೀವೊಬ್ಬರೇ. ನಿಮ್ಮ ದನಿಯೂ ಅವನಿಗೆ ಗೋಡೆಯಾಚೆಯಿಂದ ಕೇಳಿಸುವ ಮೊದಲು ಬನ್ನಿ.

ಇಂತಿ,
ನಿಮ್ಮ ಮಿಷನ್ನಿನ ಪ್ರಕಾರ ಯಾವ ತೊಂದರೆಯೂ ಇಲ್ಲದ ಮನೆಯ ಮಗಳು,
ಜ್ಯೋತಿಲಕ್ಷ್ಮಿ
ವಿಜಯಪುರ, ದೇವನಹಳ್ಳಿ ತಾಲ್ಲೂಕು