ನಾಲೆಯ ಕೊನೆಯ ಚೌಕ

ಪ್ರೀತಿಯ ಅಕ್ಕನಿಗೆ,

ನನ್ನ ಕಾಗದಗಳಿಗೆ ನೀನು ಉತ್ತರ ಬರೆಯುತ್ತಿಲ್ಲ. ಇದಕ್ಕೂ ಬರೆಯಬೇಡ, ಇದು ಕಚೇರಿಯ ವಿಷಯ.

ನಾಲೆಯಲ್ಲಿ ಯಾರಿಗೆ ಎಷ್ಟು ನೀರು ಬಿಡಬೇಕೆಂದು ನಾವೀಗ ಉಪಗ್ರಹದ ಚಿತ್ರ ನೋಡಿ ನಿರ್ಧರಿಸುತ್ತೇವೆ. ನೀರು ಕುಡಿದ ಬೆಳೆ ನಮ್ಮಂತೆಯೇ ಬೆವರುತ್ತದೆ. ಎಷ್ಟು ಬೆವರಿತೆಂದು ಉಪಗ್ರಹ ಮೇಲಿನಿಂದಲೇ ಅಳೆಯುತ್ತದೆ. ಬೆವರಿದ ಹೊಲ ನನ್ನ ಪರದೆಯಲ್ಲಿ ನೀಲಿ ಚೌಕ, ಬಾಯಾರಿದ್ದು ಕೆಂಪು ಚೌಕ. ನಾಲೆಯ ಕೊನೆಯ ಚೌಕ ನಿನ್ನದು. ಪ್ರತಿ ವಾರ ಮೊದಲು ಅದನ್ನೇ ನೋಡುತ್ತೇನೆ. ನೀಲಿ ಕಂಡರೆ, ಅಕ್ಕ ಗುದ್ದಲಿ ಹಿಡಿದು ಯಾರನ್ನೋ ಬೈಯುತ್ತಿದ್ದಾಳೆ ಎಂದುಕೊಂಡು ನೆಮ್ಮದಿಯಾಗಿ ಚಹಾ ಕುಡಿಯುತ್ತೇನೆ.

ಈಚೆಗೆ ಸುತ್ತಲಿನ ಹೊಲಗಳೆಲ್ಲ ನೀಲಿ, ನಿನ್ನದೊಂದೇ ಕೆಂಪು. ನಾಲೆಯಿಂದ ನಿನ್ನ ಕಡೆಗೆ ತೂಬು ತೆರೆದೇ ಇದೆ, ನೀರನ್ನು ಹೊಲಕ್ಕೆ ತಿರುಗಿಸಿಕೊಂಡವರಿಲ್ಲ. "ಕೊನೇ ಹೊಲದವರಿಗೆ ನೀರು ಬೇಡ ಅಂತ ಕಾಣುತ್ತೆ. ಅವರ ಪಾಲು ಪಕ್ಕದವರಿಗೆ ಹೋಗಲಿ," ಅಂದರು ಸಾಹೇಬರು. "ಅಳತೆ ತಪ್ಪಿರಬೇಕು ಸಾರ್, ಇನ್ನೊಂದು ವಾರ ನೋಡೋಣ," ಅಂದೆ. ಪಾಪ, ಉಪಗ್ರಹದ್ದೇನೂ ತಪ್ಪಿರಲಿಲ್ಲ.

ಮಂಡಿ ನೋವು ಮತ್ತೆ ಬಂತೆ? ಅಥವಾ ನನ್ನ ಕಚೇರಿಯ ನೀರೇ ಬೇಡವೆಂದು ಹಟ ಹಿಡಿದಿದ್ದೀಯಾ? ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನನಗೆ ಗೊತ್ತಿಲ್ಲವೆ?

ಗುರುವಾರ ಬೆಳಗ್ಗೆ ಉಪಗ್ರಹ ನಿನ್ನ ತಲೆಯ ಮೇಲೆ ಹಾದುಹೋಗುತ್ತದೆ. ಅದಕ್ಕೆ ಮುಂಚೆ ಒಮ್ಮೆ ಹೊಲಕ್ಕೆ ನೀರು ಬಿಡು. ನೀಲಿಯಾದರೆ ನಿನ್ನ ಪಾಲು ಉಳಿಯುತ್ತದೆ. ಕೆಂಪಾಗಿಯೇ ಇದ್ದರೆ, ನಿನಗೆ ಮೈ ಸರಿಯಿಲ್ಲವೆಂದು ತಿಳಿದು ಮೊದಲ ಬಸ್ಸಿಗೆ ಹೊರಟು ಬರುತ್ತೇನೆ.

ನೀಲಿಯಾದರೂ ಬರಲೇ? ಇದೊಂದಕ್ಕೆ ಉತ್ತರ ಬರೆ.

ನಿನ್ನ ತಂಗಿ