ಅರವಟ್ಟಿಗೆಯ ನೀರು

ಏಪ್ರಿಲ್ 2, ಬುಧವಾರ

ಗುಬ್ಬಿಯಲ್ಲಿ ಮೂರು ವಾಟರ್ ಫಿಲ್ಟರ್ ಬುಕ್ ಆಯಿತು. ಮಾತು ಅರಳು ಹುರಿದಂತೆ ಬಂತು. ಟೀಮ್ ಲೀಡರ್ ರೇಣುಕಾಪ್ರಸಾದ್ ಸರ್ ಗ್ರೂಪಿನಲ್ಲಿ ‘ಪಲ್ಲವಿ ಸೂಪರ್’ ಅಂತ ಹಾಕಿದ್ದಾರೆ. ಎದುರಿನವರಿಗೆ ಯೋಚಿಸಲು ಬಿಡಬಾರದು, ಅದೇ ಅವರು ಕಲಿಸಿದ ವಿದ್ಯೆ.

ಕೊನೆಯ ಮನೆ ಕಲ್ಲಮ್ಮನವರದು, ಬಸ್ ಸ್ಟಾಪಿನ ಪಕ್ಕ. ಪ್ರತಿ ಬೇಸಿಗೆ ಬೇವಿನ ಮರದಡಿ ಅರವಟ್ಟಿಗೆ ಇಡುತ್ತಾರೆ. ಮನೆ ಬಾವಿಯ ನೀರು, ಮಣ್ಣಿನ ಗುಡಾಣ, ಬಂದವರಿಗೆಲ್ಲ ಪುಕ್ಕಟೆ. ನನಗೂ ಕೊಟ್ಟರು. ಗಟಗಟ ಕುಡಿದೆ.

ಆಮೇಲೆ ಅದೇ ನೀರಿಗೆ ಡೆಮೋ ಯಂತ್ರದ ಕಡ್ಡಿ ಇಳಿಸಿದೆ. ಒಂದು ಲೋಟ ಬಾವಿಯದು, ಇನ್ನೊಂದು ನಮ್ಮ ಫಿಲ್ಟರಿನದು. ಕರೆಂಟ್ ಕೊಟ್ಟ ಕೂಡಲೇ ಬಾವಿ ನೀರು ಕೊಚ್ಚೆಯಾಯಿತು, ನಮ್ಮದು ತಿಳಿಯಾಗೇ ಉಳಿಯಿತು. ನೀರಿನಲ್ಲಿರುವ ಉಪ್ಪಿನಂಶಕ್ಕೆ ಕರಗುವುದು ಕಡ್ಡಿಯ ಕಬ್ಬಿಣ, ಅಷ್ಟೇ. ನಾವು ಹೇಳುವುದು ಬೇರೆ.

“ನೋಡಿ ಅಮ್ಮ, ಇದೇ ವಿಷ. ಕಿಡ್ನೀಲಿ ಹೋಗಿ ಕೂತ್ಕೊಳುತ್ತೆ.”

ಅವರ ಯಜಮಾನರು ಕಿಡ್ನಿ ಕೆಟ್ಟೇ ತೀರಿಹೋದರಂತೆ. ಹಾಗಂದಾಗಲಾದರೂ ಬಾಯಿ ಮುಚ್ಚಬೇಕಿತ್ತು. “ಅದೇ ಅಮ್ಮ, ಇದ್ರಿಂದಾನೇ” ಅಂದುಬಿಟ್ಟೆ.

ಕೊಳ್ಳಲಿಲ್ಲ. ಲೋಟ ನೋಡುತ್ತಾ ಕೂತರು.

ಏಪ್ರಿಲ್ 11, ಶುಕ್ರವಾರ

ಇಷ್ಟು ದಿನ ಕುಣಿಗಲ್. ಇವತ್ತು ಮತ್ತೆ ಗುಬ್ಬಿ. ಬೇವಿನ ಮರದಡಿ ಗುಡಾಣ ಬೋರಲು. ಬಾವಿಗೆ ತಗಡು. ಪಕ್ಕದ ಮನೆಯ ಮಂಜುಳಮ್ಮ ಹೇಳಿದರು — “ಕಲ್ಲಮ್ಮ ಊಟನೂ ಸರ್ಯಾಗಿ ಮಾಡ್ತಿಲ್ಲ ಕಣಮ್ಮ. ಊರಿಗೆಲ್ಲ ವಿಷ ಕುಡಿಸ್ದೆ, ಗಂಡನ್ನೂ ನಾನೇ ಕೊಂದೆ ಅಂತವ್ರೆ.”

ಹೆಲ್ಮೆಟ್ ತೆಗೆಯದೆ ವಾಪಸ್ ಬಂದೆ. ನಾಚಿಕೆ... ಅಷ್ಟು ನಾಚಿಕೆಯಲ್ಲೂ ಸಂಜೆ ಹಿರೇಹಳ್ಳಿಯಲ್ಲಿ ಅದೇ ಕಡ್ಡಿ ಇಳಿಸಿದೆ. ಎರಡು ಬುಕಿಂಗ್. ಥೂ.

ಏಪ್ರಿಲ್ 20, ಭಾನುವಾರ

ಮಂಜುಳಮ್ಮನ ಕೈಲಿ ಆ ಬಾವಿ ನೀರು ತರಿಸಿ ಲ್ಯಾಬಿಗೆ ಕೊಟ್ಟಿದ್ದೆ. ಕುಡಿಯಬಹುದು ಅಂತ ಬಂತು. ಕಲ್ಲಮ್ಮನ ಮನೆಗೆ ಹೋಗಿ ವರದಿ ಓದಿ ಹೇಳಿದೆ. ಫಿಲ್ಟರ್ ನೀರಿಗೆ ಚಿಟಿಕೆ ಉಪ್ಪು ಹಾಕಿ ಕಡ್ಡಿ ಇಳಿಸಿದೆ. ಅದೂ ಕೊಚ್ಚೆಯಾಯಿತು. ಎಲ್ಲ ಆಟ, ನಾನು ಹೇಳಿದ್ದು ಸುಳ್ಳು ಅಂತ ಹೇಳಬೇಕು — ಒಂದು ಮಾತೂ ನೆಟ್ಟಗೆ ಬರಲಿಲ್ಲ. ತೊದಲಿದೆ.

ಕಲ್ಲಮ್ಮ ನನ್ನ ಕೈ ಹಿಡಿದುಕೊಂಡರು. “ಅವತ್ತು ಒಂದ್ಸಲನೂ ತಡವರಿಸ್ಲಿಲ್ಲ ನೀನು. ಇವತ್ತು ನಾಲ್ಗೆನೇ ಹೊರಳ್ತಿಲ್ಲ. ಮುದುಕಿ ನೊಂದ್ಕೊಂಡವ್ಳೆ ಅಂತ ಸಮಾಧಾನ ಹೇಳಕ್ ಬಂದಿದೀಯ. ಒಳ್ಳೆ ಮಗಳು ಕಣವ್ವ ನೀನು.”

ಒಳ್ಳೆ ಮಗಳು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ 21, ಸೋಮವಾರ

ರಜೆ ಹಾಕಿ ಹೋದೆ. ತಗಡು ಸರಿಸಿ, ಸೇದಿ, ಗುಡಾಣ ತೊಳೆದು ತುಂಬಿಸಿದೆ. ಅವರೆದುರಿಗೇ ಕುಡಿದೆ. ಬಾಗಿಲು ಬಿಟ್ಟು ಕದಲಲಿಲ್ಲ ಅವರು.

ಬಸ್ಸಿಳಿದು ಒಬ್ಬ ಹೆಂಗಸು ಬಂದಳು, ಕಂಕುಳಲ್ಲಿ ಮಗು. ನೀರು ಚೆನ್ನಾಗಿದೆಯಾ ಎಂದು ಕೇಳಿದಳು. ಹೌದೆಂದೆ. ಈ ಸಲ ತೊದಲಲಿಲ್ಲ. ಲೋಟ ತುಂಬಿ ಕೊಟ್ಟೆ. ಮಗುವಿನ ಬಾಯಿಗೆ ಹಿಡಿಯುವಷ್ಟರಲ್ಲಿ ಕಲ್ಲಮ್ಮ ಓಡಿಬಂದು ಕಿತ್ತುಕೊಂಡರು.

“ಮಗೀಗೆ ಬ್ಯಾಡ. ಮೊದ್ಲು ನಾನ್ ಕುಡೀತೀನಿ. ಏನಾದ್ರೂ ಆದ್ರೆ ನಂಗೇ ಆಗ್ಲಿ.”

ನನ್ನನ್ನೇ ನೋಡುತ್ತಾ ಲೋಟ ಎತ್ತಿದರು. ವಿಷವೆಂದೇ ನಂಬಿ ಗಟಗಟ ಕುಡಿದರು. ಆ ಮುಖ ನನಗೆ ಮರೆಯಲಾಗುತ್ತಿಲ್ಲ.